ರಮೋನಮ್ಮನಿಗೆ ತಂತಿ

ಯಶವಂತನಗರದಿಂದ ಹೊಸಪೇಟೆಗೆ ಹೊರಡುವ ಅದಿರಿನ ರೈಲಿಗೆ ಬಾಲದಲ್ಲಿ ಒಂದೇ ಒಂದು ಜನರ ಡಬ್ಬಿ. ಆವತ್ತು ಅದರಲ್ಲಿ ಕಾಲಿಡಲು ಜಾಗವಿರಲಿಲ್ಲ. ಆದರೂ ಗಾದಿಲಿಂಗಪ್ಪನ ಎದುರಿನ ಹಲಗೆಯ ಮೇಲೆ ಒಬ್ಬರು ಕೂಡುವಷ್ಟು ತೆರವು ಹಾಗೇ ಉಳಿದಿತ್ತು. ಬುಟ್ಟಿ ಹಿಡಿದ ಹೆಂಗಸೊಬ್ಬಳು ಅದರ ಪಕ್ಕದಲ್ಲೇ ನಿಂತು ತೂಗಾಡುತ್ತಿದ್ದಳು. “ಕುಂದ್ರವ್ವಾ, ಜಾಗ ಐತಲ್ಲ,” ಎಂದ. “ಇರ್ಲಿ ಬಿಡ್ರಿ ಯಪ್ಪಾ, ನಿಮ್ಮ ಸಂಗಾಟ ಬಂದವ್ರು ಕುಂದರ್ತಾರೇನೋ,” ಎಂದಳು. ಸಂಗಾಟ ಬಂದವರೇ? ನೋಡಿದರೆ ತನ್ನ ಕೊಡೆಯನ್ನು ಯಾವಾಗಲೋ ತಾನೇ ಆ ಹಲಗೆಯ ಮೇಲೆ ಅಡ್ಡ ಇಟ್ಟಿದ್ದ, ಯಾರಿಗೋ ಜಾಗ ಹಿಡಿದವನ ಹಾಗೆ. ಇಟ್ಟದ್ದು ನೆನಪೇ ಇರಲಿಲ್ಲ. ಗಡಬಡಿಸಿ ಎಳೆದು ತೊಡೆಯ ಮೇಲಿಟ್ಟುಕೊಂಡ. ಆಕೆ ಆಮೇಲೂ ಕೂಡಲಿಲ್ಲ. ಖಾಲಿ ಹಲಗೆಯತ್ತ ಒಂದು ಸಲ ನೋಡಿ, ಸೆರಗು ಸರಿಮಾಡಿಕೊಂಡು, ಮುಖ ಆ ಕಡೆ ತಿರುಗಿಸಿದಳು.

ಅಂಗಿಯ ಒಳಜೇಬಿನಲ್ಲಿ ಕಾಗದವಿತ್ತು. ಇವತ್ತು ತಾರೀಖು ಹನ್ನೊಂದು. ಹದಿನಾಲ್ಕಕ್ಕೆ ಸ್ಪೇನ್ ದೇಶದ ಒಂದು ಬಂದರಿನಲ್ಲಿ ದೊನ್ಯಾ ರಮೋನಾ ಎಂಬ ಮುದುಕಿ ಹಡಗು ಹತ್ತುತ್ತಾಳೆ, ಜ್ವರದಿಂದ ಎದ್ದು ಸುಧಾರಿಸಿಕೊಳ್ಳುತ್ತಿರುವ ಮಗನನ್ನು ನೋಡಲು. ಮಗ ಅನ್ಸೆಲ್ಮೊ ದೊರೆಯನ್ನು ಗಣಿಯ ಮಗ್ಗುಲ ಇಳಿಜಾರಿನಲ್ಲಿ ಮಣ್ಣು ಮಾಡಿ ಏಳು ತಿಂಗಳಾಗಿತ್ತು. ಮಗ ಬದುಕಿದ್ದಾನೆಂದು ಆ ತಾಯಿಗೆ ಬರೆದು ಬರೆದು ನಂಬಿಸಿದವನು, ಬೇರೆ ಯಾರೂ ಅಲ್ಲ, ಮ್ಯಾಂಗನೀಸ್ ಕಂಪನಿಯ ಎರಡನೇ ಗುಮಾಸ್ತ, ಕಂಪ್ಲಿ ಸ್ಕೂಲಿನಲ್ಲಿ ಓದಿದವನು, ಮೆಟ್ರಿಯ ಶರಣಪ್ಪನ ಮಗ, ಈ ಗಾದಿಲಿಂಗಪ್ಪ. ಹಡಗು ಬಿಡುವುದರೊಳಗೆ ತಂತಿ ಮುಟ್ಟಿದರೆ ಆಕೆ ಮನೆಯಲ್ಲೇ ಕುಳಿತು ಅಳುತ್ತಾಳೆ. ಮುಟ್ಟದಿದ್ದರೆ ತಿಂಗಳಿಡೀ ಸಮುದ್ರ ದಾಟಿ, ಗುರುತಿಲ್ಲದ ಈ ಕೆಂಪು ಧೂಳಿನಲ್ಲಿ ಇಳಿದು, ಮಗನೆಲ್ಲಿ ಅಂತ ಕೇಳುತ್ತಾಳೆ. ಕೇಳುವುದು ಯಾರನ್ನು? ಇವನನ್ನೇ. ಬೆವರಿಗೆ ಕಾಗದ ಎದೆಗೆ ಅಂಟಿಕೊಂಡಿತ್ತು. ಅವನು ಬೆರಳು ಹಾಕಿ ಬಿಡಿಸಿಕೊಂಡ.

ಆ ಭಾಷೆ ಇವನಿಗೆ ಬೇಕಾಗಿತ್ತೇ? ಯಾರು ಕೇಳಿದ್ದರು? ಆಫೀಸಿನಲ್ಲಿ ಹೆಡ್ ಕ್ಲಾರ್ಕ್ ಎರ್ರಿಯಪ್ಪ ದಿನಾ ಇವನ ಇಂಗ್ಲಿಷ್ ಕಾಗದಗಳನ್ನು ಎತ್ತಿ ಹಿಡಿದು, ಎಲ್ಲರಿಗೂ ಕೇಳುವಂತೆ ತಪ್ಪು ಓದಿ, “ನಮ್ಮ ಗಾದಿಲಿಂಗಪ್ಪ ದೊರಿಗಳ ನಾಲಿಗಿ ಮುರದು ಕೈಯಾಗ ಕೊಡ್ತಾನ ನೋಡ್ರಿ,” ಎಂದು ನಗಿಸುತ್ತಿದ್ದ. ಒಂದು ಸಲ ಮ್ಯಾನೇಜರ್ ದೊರೆಯ ಎದುರಿಗೇ ಅಂದ. ದೊರೆ ನಗಲಿಲ್ಲ, ಕರುಣೆಯಿಂದ ನೋಡಿದ. ಅದು ಇನ್ನೂ ಸುಟ್ಟಿತು. ಅಳತೆಯ ಕೆಲಸಕ್ಕೆ ಬಂದಿದ್ದ ಅನ್ಸೆಲ್ಮೊಗೂ ಇಂಗ್ಲಿಷ್ ಅಷ್ಟಕ್ಕಷ್ಟೇ. ಎರಡು ಹರಕು ಇಂಗ್ಲಿಷುಗಳು ಒಂದಕ್ಕೊಂದು ಹೇಗೋ ಹೊಂದಿಕೊಂಡವು. ಸಂಜೆ ಬಂಗಲೆಯ ಕಟ್ಟೆಯ ಮೇಲೆ ಕುಳಿತು ಆತ ತನ್ನ ಭಾಷೆ ಕಲಿಸಿದ. ಇವನು ನೋಟ್‌ಬುಕ್ಕಿನಲ್ಲಿ ಕನ್ನಡ ಅಕ್ಷರದಲ್ಲಿ ಬರೆದುಕೊಂಡು, ಗಣಿಯ ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ. ನಾನು, ನೀನು, ಅವನು. ನಾವು, ನೀವು, ಅವರು. ಎರ್ರಿಯಪ್ಪನಿಗೆ ತಪ್ಪು ಹುಡುಕಲು ಬಾರದ ಭಾಷೆ ಈ ಸೊಂಡೂರು ಗುಡ್ಡಗಳಲ್ಲಿ ಇದೊಂದೇ ಎಂಬ ಸುಖ ಅವನಿಗೆ ಹತ್ತಿತ್ತು. ನಾಚಿಕೆಗೇಡು ಸುಖ, ಆದರೆ ಸುಖ.

ಒಂದು ಸಂಜೆ, ಭಾದ್ರಪದದ ಮೊದಲ ವಾರ, ದೀಪ ಹಚ್ಚುವ ಹೊತ್ತು. ಇವತ್ತು ಒಂದು ತುಂಟ ಕ್ರಿಯಾಪದ, ಕಟ್ಟಿದ ದಾರಿಯಲ್ಲಿ ನಡೆಯುವುದಿಲ್ಲ, ಎಂದ ಅನ್ಸೆಲ್ಮೊ. ಮೊರೀರ್. ಸಾಯುವುದು. ನಾವು, ನೀವು ಎನ್ನುವಾಗ ಒಳಗಿನ ಒಕಾರ ಗಟ್ಟಿಯಾಗಿರುತ್ತದೆ: ಮೊರಿಮೋಸ್, ಮೊರೀಸ್. ನಾನು, ನೀನು, ಅವನು, ಅವರು ಎಂದ ಕೂಡಲೇ ಒಡೆದು ಎರಡಾಗುತ್ತದೆ: ಮುಏರೊ, ಮುಏರೆಸ್, ಮುಏರೆ, ಮುಏರೆನ್. ಹೇಳು. ಗಾದಿಲಿಂಗಪ್ಪ ಹಿಂಜರಿದ. ಅವನ ಮನೆಯಲ್ಲಿ ಆ ಮಾತನ್ನು ಸತ್ತವರ ಬಗ್ಗೆಯೂ ಆಡುವುದಿಲ್ಲ. ಲಿಂಗೈಕ್ಯರಾದರು, ಶಿವನ ಪಾದ ಸೇರಿದರು ಎನ್ನುತ್ತಾರೆ. ಮುಚ್ಚಂಜೆಯ ಹೊತ್ತಲ್ಲಿ ಬಾಯಿ ತಪ್ಪಿ ಕೆಟ್ಟ ಮಾತು ಬಂದರೆ ಅವ್ವ “ಬಿಡ್ತು ಅನ್ನೋ, ಬಿಡ್ತು ಅನ್ನೋ” ಎಂದು ಮೂರು ಸಲ ಅನ್ನಿಸಿಯೇ ಬಿಡುತ್ತಿದ್ದಳು. “ಇದು ನಾಳಿಗೆ ಇರ್ಲಿ, ದೊರೆ,” ಎಂದ. ದೊರೆ ನಕ್ಕ. ಮಾತಿಗೆ ಯಾರೂ ಸಾಯುವುದಿಲ್ಲ, ಹೇಳು. ಹೇಳಿದ. ಹೇಗೆ ಹೇಳಿದ ಎನ್ನುವುದು ಅವನೊಬ್ಬನಿಗೇ ಗೊತ್ತು. ‘ನಾನು’ ಎಂಬುದನ್ನು ಕೆಮ್ಮಿನಲ್ಲಿ ನುಂಗಿಬಿಟ್ಟ. ‘ನೀನು’ ಎಂಬುದನ್ನು ಮಾತ್ರ, ಎದುರಿಗೆ ಕುಳಿತವನ ಕಣ್ಣನ್ನೇ ನೋಡುತ್ತ, ಸ್ಪಷ್ಟವಾಗಿ, ಒಳ್ಳೆಯ ವಿದ್ಯಾರ್ಥಿಯ ಹಾಗೆ ಹೇಳಿದ. ಮುಏರೆಸ್. ಭೇಷ್ ಎಂದ ಅನ್ಸೆಲ್ಮೊ. ಭೂತಕಾಲ ಬರುವ ವಾರ.

ಬರುವ ವಾರ ಆತ ಜ್ವರದಲ್ಲಿದ್ದ. ಒಂಬತ್ತನೇ ದಿನ ಮುಗಿಯಿತು. ಪಾದ್ರಿ ಬಳ್ಳಾರಿಯಿಂದ ಬಂದು ಮಂತ್ರ ಹೇಳಿದರು. ಕುಣಿ ಅಗೆಸಿದವನು ಗಾದಿಲಿಂಗಪ್ಪನೇ. ಸಾವು ಅವನಿಗೆ ಹೊಸದಲ್ಲ. ಅಪ್ಪನನ್ನು ಅವನೇ ಕುಣಿಯಲ್ಲಿ ಕುಳ್ಳಿರಿಸಿದ್ದ, ಪದ್ಮಾಸನ ಹಾಕಿಸಿ, ಅಂಗೈಯಲ್ಲಿ ಲಿಂಗವಿಟ್ಟು. ಕುಳಿತ ಅಪ್ಪನನ್ನು ನೋಡಿದಾಗ ಇನ್ನು ಇವರು ಏಳುವುದಿಲ್ಲ ಎಂಬುದು ಖಾತ್ರಿಯಾಗಿತ್ತು. ಅನ್ಸೆಲ್ಮೊನನ್ನು ಮಲಗಿಸಿದರು. ಪೆಟ್ಟಿಗೆಯ ಮುಚ್ಚಳ ಹಾಕುವ ಮುನ್ನ ನೋಡಿದರೆ, ಮಧ್ಯಾಹ್ನದ ಊಟ ಮಾಡಿ ಅಡ್ಡಾದವನ ಹಾಗೇ ಇದ್ದ. ಮಲಗಿದವನು ಏಳಲೂಬಹುದಲ್ಲ! ಹೀಗೆಂದು ಅವನಿಗೆ ಅನ್ನಿಸಿದ್ದು ಅಲ್ಲೇ, ಮಣ್ಣು ಹಾಕುತ್ತಿದ್ದಾಗಲೇ. ಮರುದಿನ ಮ್ಯಾನೇಜರ್ ದೊರೆ ಕರೆದು, ಆತನ ಮನೆಯವರಿಗೆ ಇಂಗ್ಲಿಷ್ ಬಾರದು, ನೀನು ಆತನ ಭಾಷೆ ಕಲಿತಿದ್ದೀಯಂತೆ, ನೀನೇ ಬರೆ, ಎಂದು ವಿಳಾಸ ಕೊಟ್ಟ. ಎರ್ರಿಯಪ್ಪ ಪಕ್ಕದಲ್ಲೇ ನಿಂತಿದ್ದ. ಬರುವುದಿಲ್ಲ ಎನ್ನುವುದು ಹೇಗೆ?

ಅವನು ಬರೆದ. ಆದರೆ ಹೇಗೆ ಬರೆಯಬೇಕೋ ಹಾಗೆ ಬರೆದ. ಈ ಸೀಮೆಯಲ್ಲಿ ಸಾವಿನ ಸುದ್ದಿಯನ್ನು ಯಾರು ತಾನೇ ನೆಟ್ಟಗೆ ಹೇಳುತ್ತಾರೆ? ಅಪ್ಪ ಹೋದಾಗಲೂ ಅವನಿಗೆ ಬಂದದ್ದು “ಭಾಳ ಆರಾಮಿಲ್ಲ, ಕೂಡಲೇ ಹೊರಡು” ಎಂಬ ಒಂದು ಸಾಲು. ಓದಿದ ಗಳಿಗೆಗೇ ಹೆಂಡತಿ ಅಕ್ಕನಾಗಮ್ಮ ಒಲೆ ಆರಿಸಿ ಅಳಲು ಕೂತಿದ್ದಳು. ಆರಾಮಿಲ್ಲ ಎಂದರೆ ಮುಗಿಯಿತು ಎಂದೇ ಅರ್ಥ. ಓದುವವರು ಮೊದಲು ಮನಸ್ಸು ಗಟ್ಟಿ ಮಾಡಿಕೊಳ್ಳಲಿ ಎಂದು ಬರೆಯುವವರು ತೋರಿಸುವ ಮರ್ಯಾದೆ ಅದು. ಹಾಗೇ ಇವನೂ ಬರೆದ: ನಿಮ್ಮ ಮಗನಿಗೆ ಬಹಳ ಜ್ವರ, ಕೂಡಲೇ ಬನ್ನಿ. ಸತ್ತ ಎನ್ನಲು ಆ ಕ್ರಿಯಾಪದದ ಭೂತಕಾಲವೂ ಅವನಿಗೆ ಗೊತ್ತಿರಲಿಲ್ಲ; ಆತ ಪಾಠ ಹೇಳುತ್ತಿದ್ದ ವ್ಯಾಕರಣದ ಪುಸ್ತಕ, ಕಂಪನಿಯವರು ಅರಗು ಒತ್ತಿ ಮುಚ್ಚಿದ್ದ ಸತ್ತವನ ಟ್ರಂಕಿನಲ್ಲಿ ಕೂತಿತ್ತು. ಗೊತ್ತಿದ್ದರೂ ಬರೆಯುತ್ತಿರಲಿಲ್ಲ. ತಿಳಿಯುವವರಿಗೆ ತಿಳಿಯುತ್ತದೆ ಎಂದುಕೊಂಡು ಅಂಚೆಗೆ ಹಾಕಿದ.

ಆಕೆಗೆ ತಿಳಿಯಲಿಲ್ಲ. ಎರಡು ತಿಂಗಳಿಗೆ ಉತ್ತರ ಬಂತು: ಹಣೆಗೆ ವಿನೆಗರ್ ಪಟ್ಟಿ ಹಾಕಿರಿ, ರಾತ್ರಿ ಕಿಟಕಿ ಮುಚ್ಚಿರಿ, ಅವನಿಗೆ ಚಿಕ್ಕಂದಿನಿಂದ ಎದೆ ಸೂಕ್ಷ್ಮ. ಗಾದಿಲಿಂಗಪ್ಪ ಅದನ್ನು ಹೆಂಡತಿಗೆ ಕನ್ನಡ ಮಾಡಿ ಹೇಳಿದ. “ಅಯ್ಯ ಶಿವನ, ರಮೋನಮ್ಮ ಇನ್ನಾ ಪಟ್ಟಿ ಹಾಕ್ಸಾಕತ್ಯಾಳಲ್ರೀ!” ಎಂದು ಅಕ್ಕನಾಗಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. “ಬರದು ಬಿಡ್ರಿ, ಬರದು ಬಿಡ್ರಿ ಖರೇದು.” ಬರೆಯಲು ಕೂತ. ಬರೆದದ್ದು: ಈಗ ಸ್ವಲ್ಪ ಗುಣ. ಮತ್ತೆ ಕಾಗದ: ಹಾಗಿದ್ದರೆ ಅವನ ಕೈಯಿಂದಲೇ ಒಂದು ಸಾಲು ಬರೆಸಿರಿ, ಒಂದೇ ಸಾಲು. ನೋಟ್‌ಬುಕ್ಕಿನಲ್ಲಿ ಅನ್ಸೆಲ್ಮೊ ತಿದ್ದಿದ ಅಕ್ಷರಗಳಿದ್ದವು, ಎಲ್ಲವೂ ಬಲಕ್ಕೆ ವಾಲಿದವು, ಗಾಳಿಗೆ ಸಿಕ್ಕ ಜೋಳದ ಹಾಗೆ. ಅವನ್ನು ಮುಂದಿಟ್ಟುಕೊಂಡು, ಒಂದು ಭಾನುವಾರ ಹಗಲಿನಲ್ಲಿ, ಬಾಗಿಲು ಹಾಕಿಕೊಂಡು, ‘ಅಮ್ಮಾ, ನಾನು ಚೆನ್ನಾಗಿದ್ದೇನೆ’ ಎಂದು ಬರೆದ. ಮೂರು ನಾಲ್ಕು ಸಲ ಅಭ್ಯಾಸ ಬೇಕಾದೀತು ಎಂದುಕೊಂಡಿದ್ದ. ಬೇಕಾಗಲಿಲ್ಲ. ಮೊದಲ ಸಲಕ್ಕೇ ಬಂತು. ಕೈ ತನ್ನಷ್ಟಕ್ಕೆ ಹೋಯಿತು, ಸಹಿಯ ಕೆಳಗೆ ಇವನು ಎಂದೂ ಗಮನಿಸದಿದ್ದ ಒಂದು ಸಣ್ಣ ಸುರುಳಿಯನ್ನೂ ಎಳೆದು ನಿಂತಿತು. ಆಮೇಲೆ ಹುಡುಕಿ ನೋಡಿದ. ನೋಟ್‌ಬುಕ್ಕಿನಲ್ಲಿ ಆ ಸುರುಳಿ ಎಲ್ಲೂ ಇರಲಿಲ್ಲ.

ಅಂದಿನಿಂದ ಅವನ ಕನ್ನಡ ಸಹಿಯೂ ಬಲಕ್ಕೆ ವಾಲತೊಡಗಿತು. ಅಕ್ಕನಾಗಮ್ಮ ಅವನ ಬದಲಾದ ನಡಿಗೆ ನೋಡಿ ಉಪ್ಪು ಮೆಣಸಿನಕಾಯಿ ನೀವಾಳಿಸಿ ಒಲೆಗೆ ಹಾಕಿದಳು, ಘಾಟೇ ಬರಲಿಲ್ಲ. ಅದಿರು ಆರಿಸುವ ಭರಮಮ್ಮ ಒಂದು ದಿನ ಆಫೀಸಿನ ಮೆಟ್ಟಿಲ ಹತ್ತಿರ ಬಂದು, “ಯಪ್ಪಾ, ಹೇಳಿದ್ರ ನಗಬ್ಯಾಡ್ರಿ, ನಿನ್ನಿ ಮಟಮಟ ಮಧ್ಯಾಹ್ನದಾಗ ಸತ್ತ ದೊರಿ ಗುಡ್ಡದ ದಾರ್‍ಯಾಗ ಹೊಂಟಿದ್ದ,” ಎಂದಳು. “ಕೈ ಹಿಂದ ಕಟಿಗೊಂಡು, ಬಾಯಾಗ ಏನೋ ಮಣಮಣ ಅನಕೋತ. ನಾ ಕಲ್ಲಿನ ಮರಿಗೆ ಕುಂತು ನೋಡೀನ್ರಿ, ಸುಳ್ಳಲ್ಲ.” ನಿನ್ನೆ ಮಟಮಟ ಮಧ್ಯಾಹ್ನ ಆ ದಾರಿಯಲ್ಲಿ, ಕೈ ಹಿಂದೆ ಕಟ್ಟಿಕೊಂಡು, ಕ್ರಿಯಾಪದ ಬಾಯಿಪಾಠ ಮಾಡುತ್ತ ಹೋದವನು ಗಾದಿಲಿಂಗಪ್ಪ. “ಅದು ನಾನವ್ವ,” ಎಂದ. ಭರಮಮ್ಮ ಅವನನ್ನು ಮೇಲಿಂದ ಕೆಳಗೆ ನೋಡಿದಳು. “ನೀವು ನಂಗ ಗೊತ್ತಿಲ್ಲೇನ್ರಿ? ನಿಮ್ಮನ್ನೂ ನೋಡೀನಿ. ನೀವು ಅವನ ಹಿಂದ ಇದ್ರಿ.” ಹೇಳಿ, ಬುಟ್ಟಿ ತಲೆಗೇರಿಸಿಕೊಂಡು ಕೆಲಸಕ್ಕೆ ಹೋದಳು. ಅವನು ಆ ದಾರಿ ಬಿಟ್ಟ, ದೂರದ ದಾರಿ ಹಿಡಿದ, ಮತ್ತು ದಿನಾ ಹತ್ತು ನಿಮಿಷ ತಡವಾಗಿ ಬಂದು ಎರ್ರಿಯಪ್ಪನ ಕೈಲಿ ಅನ್ನಿಸಿಕೊಂಡ.

ಮೊನ್ನೆ ಬಂದದ್ದು ಈ ಕಾಗದ. ಇದು ಮಗನ ಹೆಸರಿಗೇ ಬಂದಿತ್ತು. ನಿನ್ನ ಅಕ್ಷರ ನೋಡಿದೆ, ಮಗನೇ; ಅದಕ್ಕೇ ಹೊರಟಿದ್ದೇನೆ. ಮೊದಲ ಕಾಗದ ಬಂದಾಗಲೇ ಹೊರಡಬೇಕಿತ್ತು, ಹೊರಡಲಿಲ್ಲ, ನಾನು ಬರುವುದರೊಳಗೆ ಗೋರಿಯೇ ಎದುರಾದರೆ ಎಂದು ಹೆದರಿದೆ. ನಿನ್ನ ಅಪ್ಪ ಗಣಿಯಲ್ಲಿ ಸತ್ತಾಗ ಮೇಸ್ತ್ರಿ ಬಾಗಿಲಿಗೆ ಬಂದು, ಟೋಪಿ ತೆಗೆದು, ಒಂದೇ ಮಾತಿನಲ್ಲಿ ಹೇಳಿದ. ಮುರಿಯೊ. ಸತ್ತ. ಆವತ್ತು ಅವನನ್ನು ಶಪಿಸಿದೆ. ಈಗ ವರ್ಷಾವರ್ಷ ಅವನ ಹೆಸರಿನಲ್ಲೂ ಒಂದು ಮೇಣದ ಬತ್ತಿ ಹಚ್ಚುತ್ತೇನೆ, ಯಾಕೆಂದರೆ ಅವನು ನನ್ನನ್ನು ಕಾಯಿಸಲಿಲ್ಲ. ಗಾದಿಲಿಂಗಪ್ಪ ಆ ಸಾಲಿನ ಮೇಲೆ ಬೆರಳಿಟ್ಟು ಕೂತುಬಿಟ್ಟ. ಏಳು ತಿಂಗಳು ಅವನಿಗೆ ಸಿಗದಿದ್ದ ರೂಪ, ಭೂತಕಾಲ, ‘ಅವನು’. ಒಕಾರ ಒಡೆದೂ ಇರಲಿಲ್ಲ, ಉಳಿದೂ ಇರಲಿಲ್ಲ, ಉಕಾರವಾಗಿ ಹೋಗಿತ್ತು. ಮಗನಿಗೆ ಅದನ್ನು ಬಳಸಲಿ ಎಂಬಂತೆ ತಾಯಿಯೇ ಕೈಯಾರೆ ಬರೆದು ಕಳಿಸಿದ್ದಳು. ಒಂದು ಗುಟುಕು ನೀರು ಕುಡಿದು, ರಜೆ ಚೀಟಿ ಬರೆದ.

ಹೊಸಪೇಟೆಯ ತಂತಿ ಕಚೇರಿಯಲ್ಲಿ ಪಂಪಣ್ಣ ಒಬ್ಬನೇ ಇದ್ದ. ತಲೆ ನರೆತ ಮನುಷ್ಯ, ಗಾದಿಲಿಂಗಪ್ಪನಿಗೆ ದೂರದ ನೆಂಟ. “ಬರ್ರಿ ಬರ್ರಿ, ಕುಂದ್ರಿ. ಏನ್ ಇಷ್ಟ್ ದೂರ ಬಂದ್ರಿ ಬಿಸಿಲಾಗ?” ಎಂದು ಫಾರಂ ಕೊಟ್ಟ. ಗಾದಿಲಿಂಗಪ್ಪ ಬರೆದು ಕೊಟ್ಟ. ಪಂಪಣ್ಣ ಕನ್ನಡಕ ಏರಿಸಿ, “ಇದು ಇಂಗ್ಲಿಷ್ ಅಲ್ಲಲ್ರಿ. ಏನಂತ ಇದು?” ಎಂದ.

“ಮಗ ಸತ್ತ ಅಂತ. ತಾಯಿಗೆ.”

ಪಂಪಣ್ಣ ಪೆನ್ಸಿಲ್ ಕೆಳಗಿಟ್ಟ. “ಹಿಂಗ ನೆಟ್ಟಗ ಕೊಡ್ತಾರೇನ್ರಿ ಯಾರರ? ಇಪ್ಪತ್ತು ವರ್ಷ ಆತು ನಾ ಈ ಕುರ್ಚಿ ಮ್ಯಾಲ ಕುಂತು. ಈ ತಾಲೂಕಿನ ಸಾವೆಲ್ಲಾ ಈ ಬೆರಳಾಗ ದಾಟಿ ಹೋಗ್ಯಾವು. ಒಂದ್ ಸಲ ಅರ ಆ ಮಾತು ಬಡದಿಲ್ಲ ನಾನು. ಸೀರಿಯಸ್, ಕೂಡ್ಲೇ ಹೊರಡ್ರಿ. ಅಷ್ಟ. ಆತಿಲ್ಲೋ?”

“ಹಂಗ ಬರದಿದ್ದೆ ಪಂಪಣ್ಣ. ಆಕಿ ಖರೇ ಅಂತ ತಿಳಕೊಂಡ್ಲು.”

“ಮುದುಕಿ ಅಂತೀರಿ. ಇದನ್ನ ಓದಿ ಎದಿ ಒಡಕೊಂಡು ಬಿದ್ಲು ಅಂದ್ರ ಆ ಪಾಪ ಯಾರಿಗ್ರಿ? ನಿಮಗೊಂದು, ಬಡದ ನನಗೊಂದು.”

ಅದು ಸುಳ್ಳೇನಲ್ಲ. ಗಾದಿಲಿಂಗಪ್ಪ ಫಾರಂ ವಾಪಸು ತೆಗೆದುಕೊಂಡ. ಜ್ವರ ಮರುಕಳಿಸಿದೆ, ಊರು ಬಿಟ್ಟು ತಂಪು ಸೀಮೆಗೆ ಕಳಿಸಿದ್ದೇವೆ, ಈಗ ಬರಬೇಡಿ ಎಂದರೆ? ಇನ್ನೊಂದು ಆರು ತಿಂಗಳು ಸಿಗುತ್ತದೆ. ಆರು ತಿಂಗಳಲ್ಲಿ ಏನಾಗುವುದೋ ಯಾರಿಗೆ ಗೊತ್ತು! ಮುದುಕಿ ತಾನೇ... ಛೇ! ಅಷ್ಟು ದೂರ ಹೋಗಿತ್ತು ಅವನ ಮನಸ್ಸು. ನೋಡುತ್ತಾನೆ, ಕೈಯಲ್ಲಿದ್ದ ಫಾರಂನ ಅಕ್ಷರಗಳೆಲ್ಲ ಬಲಕ್ಕೆ ವಾಲಿದ್ದವು. ಸತ್ತವನ ಸುದ್ದಿಯನ್ನು ಸತ್ತವನೇ ಬರೆದಂತಿತ್ತು. ತನ್ನ ಹಿಂದೆ ಬೆಂಚಿನ ಮೇಲೆ ಯಾರೋ ಕೂತು, ಕೈಕಟ್ಟಿ, ತಾಳ್ಮೆಯಿಂದ ಇವನ ಉತ್ತರಕ್ಕೆ ಕಾಯುತ್ತಿರುವಂತೆ ಅನ್ನಿಸಿತು, ಕಟ್ಟೆಯ ಮೇಲಿನ ಪಾಠದಲ್ಲಿ ಕಾಯುತ್ತಿದ್ದ ಹಾಗೆ. ತಿರುಗಿ ನೋಡಲಿಲ್ಲ. ಪಂಪಣ್ಣ ಮಾತ್ರ ಇವನ ಹೆಗಲ ಮೇಲಿಂದ ಆ ಬೆಂಚಿನತ್ತ ನೋಡಿ, “ಅವ್ರದೇನು, ಅವ್ರದೂ ತಂತಿ ಐತೇನು?” ಎಂದು ಕೇಳಿದ.

“ಅವ್ರದ ಇದು,” ಎಂದ ಗಾದಿಲಿಂಗಪ್ಪ.

ಫಾರಂ ಹರಿದ. ಇನ್ನೊಂದು ಕೇಳಿ ತೆಗೆದುಕೊಂಡ. ಕಂಪ್ಲಿಯ ಸ್ಕೂಲಿನಲ್ಲಿ ಮಾಸ್ತರರು ಬೆರಳಿನ ಗೆಣ್ಣಿಗೆ ಹೊಡೆದು ಕಲಿಸಿದ ಗುಂಡು ಗುಂಡಾದ ಇಂಗ್ಲಿಷ್ ಅಕ್ಷರಗಳಲ್ಲಿ, ಒಂದೊಂದಕ್ಕೂ ಉಸಿರು ಬಿಟ್ಟು, ಆಕೆಯ ಭಾಷೆಯಲ್ಲೇ ಬರೆದ. ಅನ್ಸೆಲ್ಮೊ ಸೆಪ್ಟೆಂಬರಿನಲ್ಲಿ ಸತ್ತ. ಬರಬೇಡಿ. ತಪ್ಪು ನನ್ನದು. ಇಷ್ಟು ದಿನ ಕಾಗದಗಳ ಕೆಳಗೆ ‘ನಿಮ್ಮ ಮಗನ ಸ್ನೇಹಿತ’ ಎಂದಷ್ಟೇ ಹಾಕುತ್ತಿದ್ದ. ಈಗ ತನ್ನ ಪೂರ್ತಿ ಹೆಸರು ಹಾಕಿದ. ಪಂಪಣ್ಣ ಅದರಲ್ಲಿ ಆ ಮಾತು ಯಾವುದೆಂದು ಕೇಳಿ ತಿಳಿದುಕೊಂಡ. “ಶಿವಾ,” ಎಂದು ಹೇಳಿ, ಕೈಯನ್ನು ಧೋತರಕ್ಕೆ ಒರೆಸಿಕೊಂಡು, ಯಂತ್ರ ಬಡಿಯತೊಡಗಿದ. ಆ ಒಂದು ಪದ ಬಂದಾಗ ಅವನ ಬೆರಳು ಒಂದು ಕ್ಷಣ ನಿಂತಿತು, ಮತ್ತೆ ಹೋಯಿತು. ಗಾದಿಲಿಂಗಪ್ಪ ಹೊರಗೆ ಬಂದ. ಬೆಂಚಿನ ಮೇಲೆ ಯಾರೂ ಇರಲಿಲ್ಲ.

ಮನೆ ಮುಟ್ಟಿದಾಗ ಅಕ್ಕನಾಗಮ್ಮ ರೊಟ್ಟಿ ಬಡಿಯುತ್ತಿದ್ದಳು. “ಹೇಳಿದ್ರೇನ್ರಿ?” ಎಂದಳು. “ಹೇಳ್ದೆ.” ಅವಳು ಹಂಚು ಇಳಿಸಿದಳು. ಗೋಡೆಗೆ ಒರಗಿ ಕೂತು, ತನಗೆ ಒಂದು ಲೋಟ ನೀರೂ ಕೊಟ್ಟಿರದ ಆ ಪರದೇಶಿಗಾಗಿ, ಮುಖವನ್ನೇ ನೋಡಿರದ ಆ ರಮೋನಮ್ಮನಿಗಾಗಿ ಹಾಡಿಕೊಂಡು ಅತ್ತಳು. ಪಕ್ಕದ ಮನೆಯವರು ಓಡಿ ಬಂದು ಯಾರು ಹೋದರೆಂದು ಕೇಳಿದರು. “ನಮ್ಮವ್ರರೀ,” ಎಂದಳು. ಗಾದಿಲಿಂಗಪ್ಪನಿಗೆ ಅಳು ಬರಲಿಲ್ಲ. ಅವಳ ಪಕ್ಕ ಕೂತಿದ್ದ. ಏಳು ತಿಂಗಳಲ್ಲಿ ಮೊದಲ ಸಲ ಹಸಿವೆಯಾಯಿತು, ಹಸಿವೆಯಾದದ್ದಕ್ಕೆ ನಾಚಿಕೆಯೂ ಆಯಿತು, ಮತ್ತು ಎರಡು ರೊಟ್ಟಿ ತಿಂದ.

ಹದಿಮೂರನೇ ತಾರೀಖು ಮಧ್ಯಾಹ್ನ ಎರ್ರಿಯಪ್ಪ ತಂತಿಯನ್ನು ಒಡೆದುಕೊಂಡೇ ತಂದ. “ನಿನ್ನ ಹೆಸರಿಗೆ ಬಂದೈತಲೋ, ಗಾದಿಲಿಂಗಪ್ಪಾ! ಸ್ಪೇನಿನಿಂದ. ನಮಗ್ಯಾರಿಗೂ ಇಲ್ಲದ ಮರ್ಯಾದಿ!” ಎಂದ. ಆಫೀಸು ನಕ್ಕಿತು. ಗಾದಿಲಿಂಗಪ್ಪ ಎದ್ದು ನಿಂತು ಇಸಿದುಕೊಂಡ. ಎರಡೇ ಪದ. ವೆಂಗೊ. ಎಸ್ಪೆರೆಮೆ. ಅಷ್ಟರಲ್ಲೇ ಅವನಿಗೆ ಒಂದು ವಿಚಿತ್ರವಾಯಿತು. ಎಂದಿನ ಹಾಗೆ ಮೂಲ ರೂಪ ಹುಡುಕಿ, ಯಾವ ಪುರುಷ, ಯಾವ ಕಾಲ ಎಂದು ಎಣಿಸಿ, ಕನ್ನಡಕ್ಕೆ ತಿರುಗಿಸಿ ನೋಡುವ ಮುಂಚೆಯೇ ಅದು ಮೈಗೆ ಮುಟ್ಟಿಬಿಟ್ಟಿತ್ತು. ಓದಲಿಲ್ಲ, ಕೇಳಿದ. ಆಕೆಯ ದನಿ ಅವನು ಎಂದೂ ಕೇಳಿದ್ದಲ್ಲ. ಈಗ ಕೇಳಿತು, ಹತ್ತಿರದಲ್ಲೇ, ದಣಿದ ದನಿ, ಕಣ್ಣೀರಿಲ್ಲದ ದನಿ. ಗೋರಿಗೆ ಹೆದರಿದವಳು ಹೆದರಿಕೆ ಬಿಟ್ಟಿದ್ದಳು. ಅದು ಈಗ ಇವನಿಗೆ ಬಂತು. ಭಯ, ಶುದ್ಧ ಭಯ.

“ಏನಂತೋ?” ಎಂದ ಎರ್ರಿಯಪ್ಪ. “ಬಾಯಿ ಬಿಡು. ದೊಡ್ಡ ಪಂಡಿತ ಅದೀಯಲ್ಲ, ಕನ್ನಡದಾಗ ಹೇಳು.”

ಗಾದಿಲಿಂಗಪ್ಪ ಬಾಯಿ ತೆರೆದ. ಕನ್ನಡ ಬರಲಿಲ್ಲ. ಅರ್ಥ ಪೂರ್ತಿ ಒಳಗಿತ್ತು, ಹುಟ್ಟಿದಂದಿನಿಂದ ಆಡಿದ ಮಾತುಗಳು ಮಾತ್ರ ಎಲ್ಲೋ ದೂರ ಸರಿದು ನಿಂತಿದ್ದವು. ಎಲ್ಲರೂ ನೋಡುತ್ತಿದ್ದರು. ನಗುವುದು ನಿಂತಿತ್ತು. ಆಮೇಲೆ ಆ ಮಾತುಗಳು ಒಂದೊಂದಾಗಿ ಬಂದವು.

“ಬರ್ತಾಳಂತ,” ಎಂದ.

“ಯಾರು? ಯಾರ ಕಡೆ ಬರ್ತಾಳ?”

“ಸತ್ತ ದೊರಿ ತಾಯಿ. ನನ್ನ ಕಡೆ. ಕಾಯಿ ಅಂದಾಳ.”